ಹಳಿ ಇಳಿದ ಬೋಗಿ ಮನೆಯಾಗುವ ಮುನ್ನ

1934ರಲ್ಲಿ ಅಮೆರಿಕದ ಒಕ್ಲಹೋಮಾ ಪ್ರಾಂತ್ಯದ ರೈತ ಜೇಮ್ಸ್ ಹ್ಯಾಗರ್ಡ್ ಅವರ ಕೊಟ್ಟಿಗೆಗೆ ಬೆಂಕಿ ಬಿತ್ತು. ಅದು ಮಹಾ ಆರ್ಥಿಕ ಕುಸಿತದ ಕಾಲ. ಮತ್ತೆ ಬೇಸಾಯ ಹೂಡುವ ಚೈತನ್ಯ ಇರಲಿಲ್ಲ. ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಅವರು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಕಡೆಗೆ ವಲಸೆ ಹೋದರು. ಅಲ್ಲಿ ಸಾಂಟಾ ಫೆ ರೈಲ್ವೆಯಲ್ಲಿ ಕೆಲಸವೇನೋ ಸಿಕ್ಕಿತು, ಸ್ವಂತ ಮನೆ ಮಾತ್ರ ಇರಲಿಲ್ಲ. ಪಕ್ಕದ ಆಯಿಲ್‌ಡೇಲ್ ಎಂಬ ಊರಿನಲ್ಲಿ ಮಹಿಳೆಯೊಬ್ಬರ ನಿವೇಶನದಲ್ಲಿ ರೈಲಿನ ಹಳೆಯ ಗೂಡ್ಸ್ ಡಬ್ಬಿಯೊಂದು ಬಿದ್ದಿತ್ತು. ಇದನ್ನು ಮನೆ ಮಾಡಲು ಆಗುತ್ತದೆಯೇ ಎಂದು ಆಕೆ ಜೇಮ್ಸ್‌ರನ್ನು ಕೇಳಿದರು. ಆಗುತ್ತದೆ ಎಂದರು ಜೇಮ್ಸ್. ತಾವೇ ಕೈಯಾರೆ ಅದನ್ನು ಮನೆಯಾಗಿ ಮಾರ್ಪಡಿಸಿದರು, ಸಂಸಾರವನ್ನು ತಂದಿರಿಸಿದರು, ಮುಂದೆ ಆ ನಿವೇಶನವನ್ನೂ ಕೊಂಡರು. 1937ರ ಏಪ್ರಿಲ್ 6ರಂದು ಅವರ ಮೂರನೆಯ ಮಗು ಮರ್ಲ್ ಹುಟ್ಟಿತು. ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದ ಮರ್ಲ್ ಹ್ಯಾಗರ್ಡ್ ಈತನೇ. ಆ ಡಬ್ಬಿಮನೆಯನ್ನು 2015ರಲ್ಲಿ ಆಯಿಲ್‌ಡೇಲ್‌ನಿಂದ ಎತ್ತಿ ಕರ್ನ್ ಕೌಂಟಿಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು.

ಈ ಕಥೆಯಲ್ಲಿ ಒಂದು ಸಣ್ಣ ವಿವರ ಗಮನಿಸುವಂಥದು. ಹ್ಯಾಗರ್ಡ್ ಕುಟುಂಬ ಮುಂದೆ ಆ ಮನೆಗೆ ಸ್ನಾನದ ಕೋಣೆ, ಎರಡನೆಯ ಮಲಗುವ ಕೋಣೆ, ಅಡುಗೆಮನೆ, ತಿಂಡಿ ತಿನ್ನುವ ಮೂಲೆ ಎಲ್ಲವನ್ನೂ ಡಬ್ಬಿಯ ಹೊರಗೆ ಪಕ್ಕದ ಜಾಗದಲ್ಲಿ ಕಟ್ಟಿಸಿತು. ಏಕೆ ಎಂಬುದಕ್ಕೆ ಉತ್ತರ ಅಳತೆಪಟ್ಟಿಯಲ್ಲಿದೆ. ಹಳೆಯ ಬೋಗಿ ಕೊಂಡು ಮನೆ ಮಾಡಿಕೊಳ್ಳುವ ಹವ್ಯಾಸ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಇಂದಿಗೂ ಇದೆ. ಬಣ್ಣ ನೋಡಿ, ಕಿಟಕಿ ನೋಡಿ ಮರುಳಾಗಿ ಕೊಂಡವರು ಕೈ ಸುಟ್ಟುಕೊಳ್ಳುತ್ತಾರೆ. ಅಳತೆಪಟ್ಟಿ, ಸುತ್ತಿಗೆ ಮತ್ತು ಹೈಸ್ಕೂಲಿನ ಭೌತಶಾಸ್ತ್ರವನ್ನು ಜೊತೆಗೆ ಒಯ್ದವರು ಬಚಾವಾಗುತ್ತಾರೆ.

ಈ ಆಸೆ ಹೊಸದೇನಲ್ಲ. 1895ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ವಿದ್ಯುತ್ ಟ್ರಾಮ್‌ಗಳು ಬಂದು, ಕುದುರೆ ಎಳೆಯುತ್ತಿದ್ದ ಟ್ರಾಮ್‌ಗಾಡಿಗಳು ಮೂಲೆಗುಂಪಾದವು. ಕಂಪನಿ ಅವನ್ನು ಮಾರಾಟಕ್ಕಿಟ್ಟಿತು. ಆಸನ ಸಹಿತ 20 ಡಾಲರ್, ಆಸನ ರಹಿತ 10 ಡಾಲರ್! ಜನ ಅವನ್ನು ಕೊಂಡೊಯ್ದು ಪೆಸಿಫಿಕ್ ಕಡಲ ತೀರದ ಮರಳ ದಿಬ್ಬಗಳ ಮೇಲೆ ಸಾಲಾಗಿ ನಿಲ್ಲಿಸಿದರು. ಒಂದರಲ್ಲಿ ಕಾಫಿ ಅಂಗಡಿ, ಇನ್ನೊಂದರಲ್ಲಿ ಸೈಕಲ್ ಸವಾರಿಯ ಹೆಂಗಸರ ಸಂಘ, ಕೆಲವು ಕಡೆ ಎರಡು ಮೂರು ಗಾಡಿ ಜೋಡಿಸಿ ಕಟ್ಟಿದ ಮನೆಗಳು. ಆ ಬಡಾವಣೆಗೆ ‘ಕಾರ್‌ವಿಲ್’ ಎಂದೇ ಹೆಸರು ಬಿತ್ತು. 1913ರ ಜುಲೈ 4ರಂದು ಅಲ್ಲಿನ ಸುಧಾರಣಾ ಸಂಘದವರು, ‘ಸಭ್ಯ’ ಬಡಾವಣೆ ಬೇಕೆಂದು, ಹಳೆಯ ಗಾಡಿಗಳಿಗೆ ಬಹಿರಂಗವಾಗಿ ಬೆಂಕಿಯಿಟ್ಟರು. ಅದರಿಂದಲೂ ತಪ್ಪಿಸಿಕೊಂಡು ಒಂದು ಮನೆ ಹೊಸ ಕಟ್ಟಡಗಳ ನಡುವೆ ಉಳಿದುಕೊಂಡಿದೆ.

ಬ್ರಿಟನ್ನಿನಲ್ಲಿ ರೈಲ್ವೆ ಕಂಪನಿಗಳೇ ಈ ವ್ಯಾಪಾರಕ್ಕಿಳಿದವು. 1933ರಲ್ಲಿ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ ಹಳೆಯ ಬೋಗಿಗಳಲ್ಲಿ ಮಂಚ, ಒಲೆ ಇಟ್ಟು ಹಳ್ಳಿ ನಿಲ್ದಾಣಗಳ ಬದಿಹಳಿಯಲ್ಲಿ ನಿಲ್ಲಿಸಿ ರಜೆ ಕಳೆಯಲು ಬಾಡಿಗೆಗೆ ಕೊಟ್ಟಿತು. ಉಳಿದ ಕಂಪನಿಗಳೂ ಮುಂದಿನ ವರ್ಷಗಳಲ್ಲಿ ಅದನ್ನು ಅನುಸರಿಸಿದವು.

ಎಲ್ಲರೂ ಇಷ್ಟಪಟ್ಟು ಬೋಗಿಯಲ್ಲಿ ಇದ್ದವರಲ್ಲ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಷಿಕಾಗೋ ಸುತ್ತಮುತ್ತ ಹಳಿ ಹಾಕುವ ಕೂಲಿಗೆ ಬಂದ ಮೆಕ್ಸಿಕೋದ ಸಾವಿರಾರು ಜನರಿಗೆ ಕಂಪನಿಗಳು ಕೊಟ್ಟ ಬಿಡಾರ ಹಳೆಯ ಗೂಡ್ಸ್ ಡಬ್ಬಿಗಳೇ. ನಲ್ಲಿ ನೀರಿಲ್ಲ, ಚಳಿಗಾಲದಲ್ಲಿ ಒಲೆಯ ಬಿಸಿ ಬಿಟ್ಟರೆ ಬೇರೆ ಆಸರೆಯಿಲ್ಲ. ಮಕ್ಕಳು ಅಲ್ಲೇ ಹುಟ್ಟಿ ಅಲ್ಲೇ ಬೆಳೆದರು. ಇನ್ನೊಂದು ಕಡೆ, ಕನೆಕ್ಟಿಕಟ್ ಪ್ರಾಂತ್ಯದ ಪಟ್ನಮ್ ಊರಿನ ಶಾಲಾ ಶಿಕ್ಷಕಿ ಗರ್ಟ್ರೂಡ್ ಚಾಂಡ್ಲರ್ ವಾರ್ನರ್ 1924ರಲ್ಲಿ ನಾಲ್ವರು ಅನಾಥ ಮಕ್ಕಳು ಗೂಡ್ಸ್ ಡಬ್ಬಿಯಲ್ಲಿ ಸಂಸಾರ ಹೂಡುವ ಕಥೆ ಬರೆದರು. ‘ದಿ ಬಾಕ್ಸ್‌ಕಾರ್ ಚಿಲ್ಡ್ರನ್’ ಎಂಬ ಆ ಪುಸ್ತಕ ಓದಿ ಎಷ್ಟು ಮಕ್ಕಳು ಬೋಗಿಮನೆಯ ಕನಸು ಕಂಡರೋ! ಕೂಲಿಯವರ ಮಕ್ಕಳಿಗೆ ಅದು ಕನಸಾಗಿರಲಿಲ್ಲ ಅಷ್ಟೆ.

ಯಾವ ಡಬ್ಬಿ?

ಅಮೆರಿಕದಲ್ಲಿ ಮನೆಗಾಗಿ ಹುಡುಕುವವರ ಮುಂದೆ ಮುಖ್ಯವಾಗಿ ಮೂರು ಬಗೆಯ ಡಬ್ಬಿಗಳಿವೆ: ಗೂಡ್ಸ್ ಡಬ್ಬಿ, ಗಾರ್ಡ್ ಡಬ್ಬಿ, ಪ್ರಯಾಣಿಕರ ಬೋಗಿ.

ಗೂಡ್ಸ್ ಡಬ್ಬಿ ಎಂದರೆ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ. ಹಳೆಯ ಮಾದರಿಯದರ ಉದ್ದ ಸುಮಾರು 40 ಅಡಿ, ಒಳಗಿನ ಅಗಲ ಸುಮಾರು 9 ಅಡಿ, ಎತ್ತರ 10 ಅಡಿ. ಲೆಕ್ಕ ಹಾಕಿದರೆ 360 ಚದರ ಅಡಿ. ಗೋಡೆಗಳಿಗೆ ಎರಡೂ ಬದಿ ನಾಲ್ಕು ನಾಲ್ಕು ಅಂಗುಲ ಶಾಖನಿರೋಧಕ ಹೊದಿಸಿದರೆ ಅಗಲ ಎಂಟೂ ಕಾಲು ಅಡಿಗೆ ಇಳಿಯುತ್ತದೆ. ಆರೂ ಕಾಲು ಅಡಿಯ ಮಂಚವನ್ನು ಅಡ್ಡ ಹಾಕಿದರೆ ಓಡಾಡಲು ಉಳಿಯುವುದು ಎರಡೇ ಅಡಿ. ಹ್ಯಾಗರ್ಡ್ ಕುಟುಂಬ ಹೊರಗೆ ಕೋಣೆ ಕಟ್ಟಿಸಿದ್ದೇಕೆ ಎಂಬುದು ಈಗ ಅರ್ಥವಾಗುತ್ತದೆ. ಆದರೆ ಈ ಡಬ್ಬಿಯಲ್ಲಿ ಒಂದು ಅನುಕೂಲವಿದೆ. ಒಳಗೆ ಏನೂ ಇಲ್ಲದ್ದರಿಂದ ಕಿತ್ತೆಸೆಯುವ ಖರ್ಚೂ ಇಲ್ಲ.

ಇದೇ ಜಾತಿಯ ಸೋದರ ಶೀತಲ ಡಬ್ಬಿ. ಹಣ್ಣು, ಮಾಂಸ ಸಾಗಿಸಲು ದಪ್ಪ ಗೋಡೆ ಇಟ್ಟು ಮಾಡಿದ್ದು. ಬೇಸಿಗೆಗೂ ಚಳಿಗೂ ಒಳ್ಳೆಯದಲ್ಲವೇ ಎಂದು ಕೊಳ್ಳಲು ಮನಸ್ಸಾಗುತ್ತದೆ. ಹಳೆಯ ಶೀತಲ ಡಬ್ಬಿಗಳಲ್ಲಿ ಮಂಜುಗಡ್ಡೆಯ ಜೊತೆ ಉಪ್ಪು ಬೆರೆಸುತ್ತಿದ್ದರು. ಉಪ್ಪು ಬೆರೆತರೆ ಮಂಜು ಸೊನ್ನೆ ಡಿಗ್ರಿಗಿಂತ ಕೆಳಗೂ ಇಳಿಯುತ್ತದೆಂಬುದು ಐಸ್‌ಕ್ರೀಮ್ ಕಡೆಯುವವರಿಗೂ ಗೊತ್ತು. ಕರಗಿದ ಆ ಉಪ್ಪುನೀರು ಕೆಳಗಿನ ಉಕ್ಕಿನ ಚೌಕಟ್ಟಿನ ಮೇಲೆ ವರ್ಷಗಟ್ಟಲೆ ತೊಟ್ಟಿಕ್ಕಿರುತ್ತದೆ. ಆದ್ದರಿಂದ ಅದರ ಗೋಡೆ ನೋಡುವ ಮೊದಲು ಕೆಳಗೆ ತೆವಳಿ ಹೊಟ್ಟೆ ನೋಡಬೇಕು.

ಗಾರ್ಡ್ ಡಬ್ಬಿಗೆ ಅಲ್ಲಿ ‘ಕಬೂಸ್’ ಎಂದು ಹೆಸರು. ಗೂಡ್ಸ್ ರೈಲಿನ ಕಟ್ಟಕಡೆಯಲ್ಲಿ ಬರುತ್ತಿದ್ದ ಕೆಂಪು ಡಬ್ಬಿ. ಚಾವಣಿಯ ಮೇಲೆ ಪುಟ್ಟ ಗೂಡು, ಅದರಲ್ಲಿ ಕುಳಿತ ಸಿಬ್ಬಂದಿ ಮುಂದಿನ ವ್ಯಾಗನ್‌ಗಳ ಅಚ್ಚು ಕಾದು ಹೊಗೆ ಬರುತ್ತಿದೆಯೇ ಎಂದು ನೋಡುತ್ತಿದ್ದರು. ರಾತ್ರಿ ತಂಗುವುದೂ ಅಲ್ಲೇ ಆಗಿದ್ದುದರಿಂದ ಮಲಗುವ ಹಲಗೆ, ಬರೆಯುವ ಮೇಜು, ಶೌಚಾಲಯ, ನೆಲಕ್ಕೆ ಬೋಲ್ಟ್ ಹಾಕಿದ ಒಲೆ ಎಲ್ಲವೂ ಇರುತ್ತಿದ್ದವು. ರೈಲು ಜಗ್ಗಿದಾಗ ಪಾತ್ರೆ ಜಾರದಂತೆ ಆ ಒಲೆಗೆ ಸುತ್ತ ಅಂಚು ಬೇರೆ! ಅಂದರೆ ಇದು ಮೊದಲೇ ಅರ್ಧ ಮನೆ. 1980ರ ದಶಕದಲ್ಲಿ ಕೊನೆಯ ವ್ಯಾಗನ್ನಿನ ಕೊಕ್ಕೆಗೆ ನೇತುಹಾಕುವ ಪೆಟ್ಟಿಗೆಯೊಂದು ಬಂತು. ಬ್ರೇಕ್ ಕೊಳವೆಯ ಒತ್ತಡವನ್ನು ಅದು ರೇಡಿಯೋ ಮೂಲಕ ಎಂಜಿನ್ನಿಗೆ ತಿಳಿಸುತ್ತದೆ. 1982ರಲ್ಲಿ ಕಾರ್ಮಿಕ ಸಂಘದೊಡನೆ ಒಪ್ಪಂದವೂ ಆಯಿತು. ಕಬೂಸ್‌ಗಳು ನಿವೃತ್ತಿಯಾದವು.

ಅದಕ್ಕೂ ಮೊದಲೇ ಪೆನ್ಸಿಲ್ವೇನಿಯಾದ ಡೊನಾಲ್ಡ್ ಡೆನ್‌ಲಿಂಗರ್ ಎಂಬ ಉದ್ಯಮಿ ತಲಾ 25 ಟನ್ ತೂಕದ 19 ಕಬೂಸ್‌ಗಳಿಗೆ ಬಿಡ್ ಹಾಕಿದ್ದರು. ತಮಾಷೆಗೆಂಬಂತೆ ಹಾಕಿದ ಬಿಡ್ ಗೆದ್ದುಬಿಟ್ಟಿತು, ಈಗ ಇವನ್ನು ಎಲ್ಲಿಡುವುದು ಎಂಬ ಫಜೀತಿ ಬಂತು ಎಂಬುದು ಅಲ್ಲಿ ಪ್ರಸಿದ್ಧವಾದ ಕಥೆ. 1970ರಲ್ಲಿ ಅವನ್ನೇ ಸಾಲಾಗಿ ನಿಲ್ಲಿಸಿ ‘ರೆಡ್ ಕಬೂಸ್’ ಎಂಬ ವಸತಿಗೃಹ ತೆರೆದರು. ಅಂದಹಾಗೆ, ನಮ್ಮಲ್ಲಿ ಗಾರ್ಡ್‌ಗಳಿಗೆ 2022ರಿಂದ ‘ಟ್ರೈನ್ ಮ್ಯಾನೇಜರ್’ ಎಂಬ ಹೊಸ ಹೆಸರು ಬಂದಿದೆ. ಅವರು ಕೂರುವ ಬ್ರೇಕ್‌ವ್ಯಾನ್‌ನಲ್ಲಿ ಇಂಥ ವೈಭೋಗ ಎಂದೂ ಇರಲಿಲ್ಲ.

ಇನ್ನು ಪ್ರಯಾಣಿಕರ ಬೋಗಿ. ಅಮೆರಿಕದ ದೊಡ್ಡ ಬೋಗಿ 85 ಅಡಿ ಉದ್ದ, 10 ಅಡಿ ಅಗಲ. ಕಿಟಕಿಗಳ ಸಾಲು, ಸೊಗಸಾದ ಒಳಾಂಗಣ. ಆದರೆ ತೂಕ? ಕಾಂಕ್ರೀಟ್ ನೆಲ ಹಾಕಿದ 1920ರ ದಶಕದ ಪುಲ್‌ಮನ್ ಬೋಗಿ 80 ಟನ್ನಿನ ಆಸುಪಾಸು. ಅದನ್ನು ಇಡುವುದೆಲ್ಲಿ? ಬೆಂಗಳೂರಿನ ‘ಸಿಕ್ಸ್ಟಿ ಫಾರ್ಟಿ’ ಸೈಟನ್ನೇ ತೆಗೆದುಕೊಳ್ಳಿ. 60 ಅಡಿ ಉದ್ದಕ್ಕೆ 85 ಅಡಿಯ ಬೋಗಿ ಕೂರುವುದಿಲ್ಲ. ಕರ್ಣರೇಖೆಯಲ್ಲಿ ಇಡೋಣವೆಂದರೆ, ಪೈಥಾಗೊರಸ್ ಪ್ರಕಾರ 60ರ ವರ್ಗ 3600, 40ರ ವರ್ಗ 1600, ಒಟ್ಟು 5200. ಅದರ ವರ್ಗಮೂಲ 72 ಅಡಿ ಮಾತ್ರ. ನಮ್ಮ ಪೆರಂಬೂರಿನ ಹಳೆಯ ಮಾದರಿಯ ಬೋಗಿ 21.3 ಮೀಟರ್, ಎಂದರೆ 70 ಅಡಿ. ಅದು ಕರ್ಣದ ಮೇಲೆ ಕೂರಬಹುದಲ್ಲ ಎಂದು ಹೇಳುವ ವಿದ್ಯಾರ್ಥಿ ಬೋಗಿಯ ಹತ್ತೂವರೆ ಅಡಿ ಅಗಲವನ್ನು ಮರೆತಿರುತ್ತಾನೆ. ಕಾಗದದಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿ ಇಟ್ಟು ನೋಡಿದರೆ ಮೂಲೆಗಳು ಕಾಂಪೌಂಡ್ ದಾಟುವುದು ತಾನಾಗಿ ತಿಳಿಯುತ್ತದೆ.

ಸುತ್ತಿಗೆಯ ಪರೀಕ್ಷೆ

ಹೊಸ ಬಣ್ಣ ಬಳಿದ ಬೋಗಿಯ ಬಗ್ಗೆ ಅನುಮಾನ ಇರಲೇಬೇಕು. ಉಕ್ಕು ತುಕ್ಕು ಹಿಡಿಯಲು ನೀರು, ಗಾಳಿ ಎರಡೂ ಬೇಕು. ಆದ್ದರಿಂದ ನೀರು ನಿಲ್ಲುವ ಕಡೆ ಹುಡುಕಿದರೆ ತುಕ್ಕು ಸಿಗುತ್ತದೆ. ಕಿಟಕಿಗಳ ಕೆಳಗೆ, ಬಾಗಿಲ ಹೊಸ್ತಿಲಲ್ಲಿ, ಚಾವಣಿಯ ಅಂಚಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಶೌಚಾಲಯದ ನೆಲದ ಅಡಿಯಲ್ಲಿ. ನಮ್ಮ ಹಳೆಯ ಉಕ್ಕಿನ ಬೋಗಿಗಳು ವರ್ಕ್‌ಶಾಪಿಗೆ ಬಂದಾಗಲೂ ಮೊದಲು ತೇಪೆ ಬೀಳುತ್ತಿದ್ದುದು ಶೌಚಾಲಯದ ಆಸುಪಾಸಿಗೇ. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಗಟ್ಟಿ ಉಕ್ಕು ಖಣಿಲೆನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ಕುಂಬಾರನ ಹತ್ತಿರ ಮಡಕೆ ಕೊಳ್ಳುವಾಗ ಅಜ್ಜಿ ಬೆರಳಿನಿಂದ ತಟ್ಟಿ ನೋಡುತ್ತಿದ್ದಳಲ್ಲ, ಅದೇ ವಿದ್ಯೆ.

ಬೋಗಿಯ ಜಾತಕ ಅದರ ಮೈಮೇಲೇ ಬರೆದಿರುತ್ತದೆ. ಅಮೆರಿಕದ ಗೂಡ್ಸ್ ಡಬ್ಬಿಯ ಬದಿಯಲ್ಲಿ ಕಟ್ಟಿದ ತಿಂಗಳು ಮತ್ತು ವರ್ಷ, ಖಾಲಿ ತೂಕ, ಹೊರಬಹುದಾದ ಭಾರ ಇವನ್ನು ಅಚ್ಚು ಹಾಕಿರುತ್ತಾರೆ. ಖಾಲಿ ತೂಕ ಗೊತ್ತಾಗದೆ ಕ್ರೇನ್ ಕರೆಸುವಂತಿಲ್ಲ. ಕಟ್ಟಿದ ವರ್ಷವೂ ಮುಖ್ಯ. 50 ವರ್ಷ ದಾಟಿದ ವ್ಯಾಗನ್ ಅನ್ನು ವಿಶೇಷ ಅನುಮತಿಯಿಲ್ಲದೆ ಅಲ್ಲಿ ಹಳಿಯ ಮೇಲೆ ಓಡಿಸುವಂತಿಲ್ಲ. ಆದ್ದರಿಂದ ‘ಹಳಿಯ ಮೇಲೆಯೇ ತಂದುಕೊಡುತ್ತೇವೆ’ ಎಂಬ ಮಾತನ್ನು ಕಾಗದದಲ್ಲಿ ಬರೆಸಿಕೊಳ್ಳದೆ ನಂಬಬಾರದು.

ಕಣ್ಣಿಗೆ ಕಾಣದ ಅಪಾಯಗಳು ಇನ್ನೂ ಕೆಟ್ಟವು. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಆ ಬಣ್ಣವನ್ನು ಕೆರೆದರೆ ದೂಳು, ಗ್ಯಾಸ್‌ಕಟರ್ ಹಿಡಿದರೆ ಹೊಗೆ. ಎರಡೂ ಮಕ್ಕಳ ಮೆದುಳಿಗೆ ಮಾರಕ. ಹಳೆಯ ಪ್ರಯಾಣಿಕರ ಬೋಗಿಗಳಲ್ಲಿ ಬಿಸಿ ಹಬೆಯ ಕೊಳವೆಗಳಿಗೆ ಕಲ್ನಾರು ಸುತ್ತುತ್ತಿದ್ದರು. ಅದರ ಎಳೆ ಶ್ವಾಸಕೋಶ ಸೇರಿದರೆ ರೋಗ ಹತ್ತಾರು ವರ್ಷಗಳ ನಂತರ ತಲೆ ಎತ್ತುತ್ತದೆ. ಗೂಡ್ಸ್ ಡಬ್ಬಿಯ ಮರದ ನೆಲ ಯಾವ ಕಾಲದಲ್ಲಿ ಯಾವ ಕೀಟನಾಶಕ, ಯಾವ ರಾಸಾಯನಿಕ ಕುಡಿದಿದೆಯೋ ಹೇಳುವವರಿಲ್ಲ. ಬಲ್ಲವರು ಆ ನೆಲವನ್ನು ಕಿತ್ತು ಹೊಸ ಹಲಗೆ ಹಾಕಿಸುತ್ತಾರೆ. ಮಕ್ಕಳಿರುವ ಮನೆಯವರು ಬಣ್ಣದ ಚೂರು, ಹೊದಿಕೆಯ ಚೂರು ಎರಡನ್ನೂ ಪ್ರಯೋಗಾಲಯಕ್ಕೆ ಕೊಟ್ಟು, ವರದಿ ಬಂದ ಮೇಲೆಯೇ ಹಣ ಕೊಡಬೇಕು. ಇದರಲ್ಲಿ ಉಳಿತಾಯದ ಮಾತೇ ಇಲ್ಲ. ಟ್ಯಾಂಕರ್ ವ್ಯಾಗನ್ನಿನ ತಂಟೆಗಂತೂ ಹೋಗಲೇಬಾರದು.

ಬೋಗಿ ಚೆನ್ನಾಗಿದೆ ಎನ್ನೋಣ. ಅದು ಮನೆಯ ಜಾಗಕ್ಕೆ ಬರಬೇಕಲ್ಲ! ಎಷ್ಟೋ ಸಲ ಬೋಗಿಯ ಬೆಲೆಗಿಂತ ಸಾಗಣೆಯ ಬೆಲೆ ಹೆಚ್ಚು. ಅಮೆರಿಕದ ರಸ್ತೆಯಲ್ಲಿ ಅನುಮತಿಯಿಲ್ಲದೆ ಹೋಗಬಹುದಾದ ಅಗಲ ಎಂಟೂವರೆ ಅಡಿ, ಲಾರಿ ಸಹಿತ ಒಟ್ಟು ತೂಕ ಸುಮಾರು 36 ಟನ್. ಬೋಗಿ ಎರಡನ್ನೂ ಮೀರುವ ಸಂಭವವೇ ಹೆಚ್ಚು. ಹಾಗಾಗಿ ಕ್ರೇನ್‌ನಿಂದ ಎತ್ತಿ, ಗಾಲಿಗಳ ಚೌಕಟ್ಟನ್ನು ಕಳಚಿ ಬೇರೆ ಲಾರಿಯಲ್ಲಿ ಒಯ್ಯುತ್ತಾರೆ. (ಎಂಜಿನಿಯರುಗಳ ಭಾಷೆಯಲ್ಲಿ ‘ಬೋಗಿ’ ಎಂದರೆ ಈ ಗಾಲಿಗಳ ಚೌಕಟ್ಟೇ! ನಾವು ಇಡೀ ಡಬ್ಬಿಗೆ ಆ ಹೆಸರು ಕೊಟ್ಟುಬಿಟ್ಟಿದ್ದೇವೆ.) ಸೇತುವೆಯ ಎತ್ತರ, ವಿದ್ಯುತ್ ತಂತಿ, ತಿರುವು ಎಲ್ಲವನ್ನೂ ಮೊದಲೇ ಅಳೆದಿರಬೇಕು. ಸ್ಥಳೀಯ ಆಡಳಿತ ಇದನ್ನು ವಾಹನ ಎನ್ನುತ್ತದೆಯೋ ಕಟ್ಟಡ ಎನ್ನುತ್ತದೆಯೋ ಎಂಬುದನ್ನು ಕೂಡ ಕೊಳ್ಳುವ ಮುನ್ನವೇ ತಿಳಿದುಕೊಳ್ಳಬೇಕು. ಲಾರಿ ಬಂದು ಗೇಟಿನ ಮುಂದೆ ನಿಂತ ಮೇಲೆ ಈ ಪ್ರಶ್ನೆ ಕೇಳಿದರೆ ಉತ್ತರ ದುಬಾರಿಯಾಗುತ್ತದೆ.

ನೆಲದ ಮೇಲೆ ಕೂರಿಸುವುದರಲ್ಲಿ ಒಂದು ಸುಂದರವಾದ ಲೆಕ್ಕವಿದೆ. 25 ಟನ್ನಿನ ಕಬೂಸ್ ಅನ್ನು ಒಂದೊಂದು ಅಡಿ ಚೌಕದ ನಾಲ್ಕು ಕಂಬಗಳ ಮೇಲೆ ಇಟ್ಟರೆ ಪ್ರತಿ ಚದರ ಮೀಟರಿಗೆ ಸುಮಾರು 70 ಟನ್ ಒತ್ತಡ. ಮೆತ್ತಗಿನ ಮಣ್ಣಿಗೆ 10 ಟನ್ನೂ ಹೆಚ್ಚಾಗಬಹುದು. ಕಂಬ ಕುಸಿಯುತ್ತದೆ, ಬೋಗಿ ತಿರುಚುತ್ತದೆ, ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ಅದೇ ಕಬೂಸ್ ಅನ್ನು 12 ಮೀಟರ್ ಉದ್ದದ ಹಳಿಯ ಮೇಲೆ, 20 ಮರದ ಸ್ಲೀಪರುಗಳ ಮೇಲೆ ನಿಲ್ಲಿಸಿ. ಸ್ಲೀಪರುಗಳ ಒಟ್ಟು ವಿಸ್ತೀರ್ಣ ಸುಮಾರು 12 ಚದರ ಮೀಟರ್. ಸರಾಸರಿ ಒತ್ತಡ ಎರಡು ಟನ್ನಿಗೆ ಇಳಿಯುತ್ತದೆ. ಅರವತ್ತು ಕಿಲೋ ತೂಗುವ ಮನುಷ್ಯ ಎರಡು ಅಂಗಾಲುಗಳ ಮೇಲೆ ನಿಂತಾಗ ನೆಲಕ್ಕೆ ಬೀಳುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ! ಸ್ಲೀಪರು ಮತ್ತು ಜಲ್ಲಿ ಕಂಡುಹಿಡಿದವರಿಗೆ ಕೈಮುಗಿಯಬೇಕು. ಹಳಿಯ ತುಂಡಿನ ಮೇಲೆ ಗಾಲಿ ಸಮೇತ ನಿಲ್ಲಿಸುವುದು ಅಂದಕ್ಕೆ ಮಾತ್ರ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕಿಟಕಿ ಕೊರೆಯುವ ಮುನ್ನ ಇನ್ನೊಂದು ಎಚ್ಚರ. ಆಧುನಿಕ ಪ್ರಯಾಣಿಕರ ಬೋಗಿಯಲ್ಲಿ ಪಕ್ಕದ ಗೋಡೆಗಳೂ ಭಾರ ಹೊರುತ್ತವೆ. ಎರಡು ತುದಿಯ ಗಾಲಿಗಳ ನಡುವೆ ಇಡೀ ಬೋಗಿ ಒಂದು ತೊಲೆಯಂತೆ ನಿಂತಿರುತ್ತದೆ. ನಡುಮಧ್ಯದಲ್ಲಿ ದೊಡ್ಡ ಬಾಗಿಲು ಕೊರೆದರೆ ತೊಲೆಯನ್ನೇ ಕೊರೆದಂತೆ. ಗೂಡ್ಸ್ ಡಬ್ಬಿಗೆ ಮೊದಲೇ ದೊಡ್ಡ ಬಾಗಿಲಿರುತ್ತದೆ. ಗಾಜು ಹಾಕಬೇಕಾದರೆ ಆ ಬಾಗಿಲಿನ ಜಾಗವೇ ಸಾಕು.

ಬಿಸಿಲು, ಬೆವರು

ಉಕ್ಕಿನ ಪೆಟ್ಟಿಗೆಯಲ್ಲಿ ವಾಸಿಸುವವನ ನಿಜವಾದ ಶತ್ರು ಶಾಖ. ಮರಕ್ಕೆ ಹೋಲಿಸಿದರೆ ಉಕ್ಕು ಮುನ್ನೂರರಿಂದ ನಾನೂರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಬಿಸಿಲಿಗೆ ಕಪ್ಪು ಚಾವಣಿ 60 ಡಿಗ್ರಿ ದಾಟುವುದು ಕಷ್ಟವೇನಲ್ಲ. 26 ಮೀಟರಿನ ಬೋಗಿ 30 ಡಿಗ್ರಿ ಏರಿಳಿತಕ್ಕೆ ಒಂಬತ್ತು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ನೀರಿನ ಕೊಳವೆಯನ್ನು ಬಿಗಿಯಾಗಿ ಜೋಡಿಸಿದವರು ಅದನ್ನು ಮೊದಲ ಬೇಸಿಗೆಯಲ್ಲೇ ಕಲಿಯುತ್ತಾರೆ.

ಚಳಿಗಾಲದ ತೊಂದರೆ ಬೇರೆ. ಫ್ರಿಜ್‌ನಿಂದ ತೆಗೆದ ಸ್ಟೀಲ್ ಲೋಟದ ಹೊರಮೈ ಬೆವರುತ್ತದಷ್ಟೆ? ಬೋಗಿಯಲ್ಲಿ ಇದು ತಿರುಗುಮುರುಗು. ಹೊರಗೆ ಕೊರೆಯುವ ಚಳಿ. ಒಳಗೆ ಉಸಿರು, ಅನ್ನ ಬೇಯಿಸಿದ ಹಬೆ, ಸ್ನಾನದ ಹಬೆ. ಉಕ್ಕಿನ ಒಳಮೈ ಬೆವರುತ್ತದೆ. ಗೋಡೆಗೂ ಒಳಹಲಗೆಗೂ ನಡುವೆ ಹತ್ತಿಯಂಥ ಹೊದಿಕೆ ತುಂಬಿದರೆ ಹಬೆ ಅದರ ಮೂಲಕ ನುಸುಳಿ ತಣ್ಣನೆಯ ಉಕ್ಕಿಗೆ ತಗುಲಿ ನೀರಾಗಿ, ಯಾರಿಗೂ ಕಾಣದಂತೆ ತುಕ್ಕು, ಬೂಷ್ಟು ಬೆಳೆಸುತ್ತದೆ. ಆದ್ದರಿಂದಲೇ ಉಕ್ಕಿಗೆ ಅಂಟಿಕೊಂಡು ಗಟ್ಟಿಯಾಗುವ ನೊರೆಯನ್ನು ಸಿಂಪಡಿಸುವ ಪದ್ಧತಿ ಬಂದಿದೆ. ಹಬೆ ಉಕ್ಕನ್ನು ಮುಟ್ಟುವಂತೆಯೇ ಇಲ್ಲ. ಜೊತೆಗೆ ಗಾಳಿ ಹೊರಹೋಗುವ ದಾರಿ ಇರಬೇಕು. ವಿದ್ಯುತ್ ಸಂಪರ್ಕಕ್ಕೆ ಒಳ್ಳೆಯ ಅರ್ಥಿಂಗ್ ಇರಲೇಬೇಕು. ಒಂದು ತಂತಿಯ ಹೊದಿಕೆ ಹರಿದರೂ ಇಡೀ ಮನೆಯೇ ಕರೆಂಟಿನ ಕಂಬ.

ನಮ್ಮ ದೇಶದಲ್ಲಿ ಇಂಥ ಪಾಠ ದೊಡ್ಡ ಪ್ರಮಾಣದಲ್ಲಿ ನಡೆದದ್ದು 2020ರಲ್ಲಿ. ಕೊರೊನಾ ಕಾಲದಲ್ಲಿ ರೈಲ್ವೆ ಐದು ಸಾವಿರಕ್ಕೂ ಹೆಚ್ಚು ಬೋಗಿಗಳನ್ನು ರೋಗಿಗಳ ಆರೈಕೆಗೆಂದು ಮಾರ್ಪಡಿಸಿತು. ನಡುವಿನ ಬರ್ತ್ ತೆಗೆದು, ಒಂದು ಶೌಚಾಲಯವನ್ನು ಸ್ನಾನದ ಕೋಣೆ ಮಾಡಿ, ಕಿಟಕಿಗೆ ಸೊಳ್ಳೆಪರದೆ ಹಾಕಿ ಎಲ್ಲವೂ ಸಿದ್ಧವಾಯಿತು. ಆಮೇಲೆ ನಿಂತ ಬೋಗಿಯ ಸೆಕೆ ದೊಡ್ಡ ಸಮಸ್ಯೆಯಾಯಿತು. ಓಡುವ ರೈಲಿಗೆ ಗಾಳಿ ತಾನಾಗಿ ಸಿಗುತ್ತದೆ, ನಿಂತದ್ದಕ್ಕೆ ಯಾರು ಬೀಸಬೇಕು? ಚಾವಣಿಗೆ ಶಾಖ ಪ್ರತಿಫಲಿಸುವ ಬಣ್ಣ, ಕೂಲರ್, ಕೊನೆಗೆ ನಮ್ಮ ಅಜ್ಜಂದಿರ ಲಾವಂಚದ ತಟ್ಟಿಯವರೆಗೆ ಉಪಾಯಗಳನ್ನು ಹುಡುಕಬೇಕಾಯಿತು.

ಬೋಗಿಯನ್ನು ಮನೆಯೆಂದೇ ಭಾವಿಸಿ ಕಟ್ಟಿದ್ದನ್ನು ನೋಡಬೇಕೆಂದರೆ ಮೈಸೂರಿಗೆ ಹೋಗಬೇಕು. ಅಲ್ಲಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿ ಸಲೂನ್ ಇದೆ. ಅಡುಗೆಗೆ, ಊಟಕ್ಕೆ, ಶೌಚಕ್ಕೆ ಪ್ರತ್ಯೇಕ ಏರ್ಪಾಡು. ಅರಮನೆಯವರಿಗೂ ಅಗಲದ ಸಮಸ್ಯೆ ತಪ್ಪಿರಲಿಲ್ಲ ಎಂಬುದನ್ನು ಮಕ್ಕಳು ಕಣ್ಣಳತೆಯಲ್ಲೇ ಹೇಳಬಲ್ಲರು.

ಪೆರಂಬೂರಿನ ಕಾರ್ಖಾನೆ ತನ್ನ ಹಳೆಯ ಮಾದರಿಯ ಬೋಗಿಗಳ ತಯಾರಿಕೆಯನ್ನು 2018ರ ಜನವರಿಯಲ್ಲಿ ನಿಲ್ಲಿಸಿತು. ಅದಾಗಲೇ ತಯಾರಾದ ಸಾವಿರಾರು ಬೋಗಿಗಳು ಒಂದೊಂದಾಗಿ ನಿವೃತ್ತಿಯಾಗುತ್ತಿವೆ. ಕೆಲವನ್ನು ಕಿಟಕಿ ಮುಚ್ಚಿ ಕಾರು ಸಾಗಿಸುವ ವ್ಯಾಗನ್ ಮಾಡುತ್ತಾರೆ. ಕೆಲವು ರೈಲು ನಿಲ್ದಾಣಗಳ ಅಂಗಳದಲ್ಲಿ ಹೋಟೆಲ್ ಆಗಿವೆ, ಬೆಂಗಳೂರಿನಲ್ಲೂ ಇವೆ. ಉಳಿದವು ಹರಾಜಾಗಿ ಗುಜರಿ ಸೇರುತ್ತವೆ. ನಿಮ್ಮೂರಿನ ನಿಲ್ದಾಣದಲ್ಲಿ ಅಂಥ ನೀಲಿ ಬೋಗಿ ಕಂಡರೆ ಅದರ ಬದಿಯಲ್ಲಿರುವ ಸಂಖ್ಯೆಯ ಮೊದಲ ಎರಡು ಅಂಕಿಗಳನ್ನು ನೋಡಿ. ಸಾಮಾನ್ಯವಾಗಿ ಅದು ಬೋಗಿ ಹುಟ್ಟಿದ ವರ್ಷ. 98 ಎಂದಿದ್ದರೆ 1998. ಅದಕ್ಕಿಂತ ಈಚೆಗೆ ಹುಟ್ಟಿದ ಮಗನೋ ಮಗಳೋ ಪಕ್ಕದಲ್ಲಿದ್ದರೆ, ಶೌಚಾಲಯದ ಕೆಳಗಿನ ತೇಪೆಗಳನ್ನು ಪ್ಲಾಟ್‌ಫಾರಂ ಮೇಲೆ ನಿಂತೇ ಎಣಿಸಲು ಹೇಳಿ.